ಬಂದೂಕಿನ ಪಾತ್ರೆಪಡಗ

ಅಮೆರಿಕದ ಅಲೆನ್‌ನಲ್ಲಿರುವ ನನ್ನ ಇಬ್ಬರು ಮೊಮ್ಮಕ್ಕಳು, ಆರುಷ್ ಮತ್ತು ಅದ್ವೈತ್, ನಮ್ಮಜ್ಜಿ ಬಂದೂಕಿಗೆ ಗುಂಡು ತಯಾರಿಸುತ್ತಾಳೆ ಎಂದು ಶಾಲೆಯಲ್ಲಿ ಹೇಳಿಕೊಂಡು ಬಂದಿದ್ದಾರಂತೆ. ಅವರ ತಾಯಿ, ನನ್ನ ಕಿರಿಯ ಮಗಳು ಗೀತಾ, ಫೋನಿನಲ್ಲಿ ಇದನ್ನು ಹೇಳಿದಾಗ ನಾನು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಸೊಪ್ಪು ಹಾಗೆಯೇ ಕೈಯಲ್ಲಿ ಉಳಿಯಿತು. ಮಕ್ಕಳೇ, ನಾನು ಯಾವ ಗುಂಡನ್ನೂ ತಯಾರಿಸಿಲ್ಲ. ನಾನು ಮಾಡಿದ್ದು ಪಾತ್ರೆ ತೊಳೆಯುವ ಕೆಲಸ, ಎಂಟನೆಯ ವಯಸ್ಸಿನಿಂದ ಮಾಡಿಕೊಂಡು ಬಂದದ್ದೇ. ಪಾತ್ರೆಗಳು ಬಂದೂಕಿನವು ಎಂಬುದಷ್ಟೇ ವ್ಯತ್ಯಾಸ. ಆದರೂ ಸುಳ್ಳು ಹೇಳಬಾರದು, ಆ ಮಾತು ಕೇಳಿ ಒಳಗೊಳಗೇ ಸ್ವಲ್ಪ ಖುಷಿಯಾಯಿತು. ಆ ಖುಷಿ ಎಷ್ಟು ನ್ಯಾಯವಾದದ್ದು, ಎಷ್ಟು ಜಂಭದ್ದು ಎಂದು ನೀವೇ ತೀರ್ಮಾನಿಸಿ ಎಂದು ನಡೆದದ್ದನ್ನು ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಬಾರದು, ಗೀತಾ ಓದಿ ಹೇಳುತ್ತಾಳೆ. ಅವಳು ನಡುವೆ ಏನನ್ನಾದರೂ ಬಿಟ್ಟು ಓದಿದರೆ ಅದು ಅವಳನ್ನು ಬೈದ ಭಾಗವೆಂದು ತಿಳಿಯಿರಿ.

ನಾನು ಮಾತು ಕಡಿಮೆಯವಳು. ತಿಪಟೂರಿನ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತೆ. ಆ ಏಳು ವರ್ಷಗಳಲ್ಲಿ ಮೇಷ್ಟರು ಕೇಳಿದ ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದರೂ ಎದ್ದು ನಿಂತು ಹೇಳಿದ್ದು ಎರಡೋ ಮೂರೋ ಸಲ. ನಿಮ್ಮ ತಾತ ವಿದ್ಯುತ್ ಮಂಡಳಿಯಲ್ಲಿ ಲೈನ್‌ಮನ್ ಆಗಿದ್ದರು. ಕಂಬದ ಮೇಲೆ ಕುಳಿತೇ ಕೆಳಗಿನ ಇಡೀ ಬೀದಿಯೊಡನೆ ಹರಟೆ ಹೊಡೆಯುವ ಮನುಷ್ಯ. ನನ್ನನ್ನು ಕಂಡರೆ, ಇವಳ ಬಾಯಿಗೆ ಯಾರೋ ಕಲಾಯಿ ಹಾಕಿಸಿಬಿಟ್ಟಿದ್ದಾರೆ ಎಂದು ನಗುತ್ತಿದ್ದರು. ಅವರು ಹೋದ ಮೇಲೆ ಹಿರಿಯ ಮಗಳು ಸುಧಾ ನನ್ನನ್ನು ಟೆಕ್ಸಾಸಿನ ಫುಲ್‌ಶೀರ್‌ಗೆ ಕರೆಸಿಕೊಂಡಳು. ಇಲ್ಲಿಗೆ ಬಂದ ಮೇಲೆ ಕಲಾಯಿ ಇನ್ನೂ ದಪ್ಪವಾಯಿತು. ಮನೆಯ ಹೊರಗೆ ಆಡುವ ಭಾಷೆ ನನ್ನದಲ್ಲ, ಮನೆಯ ಒಳಗೆ ಅಳಿಯಂದಿರಿದ್ದಾರೆ. ನಮ್ಮ ಕಡೆ ಅಳಿಯನ ಎದುರು ಅತ್ತೆ ಗಟ್ಟಿಯಾಗಿ ಮಾತನಾಡುವುದಿಲ್ಲ. ಕಾಫಿ ಬೇಕೇ ಎಂಬುದನ್ನೂ ಮಗಳ ಮೂಲಕವೇ ಕೇಳಿಸುವುದು ಪದ್ಧತಿ. ಸುಧಾ ಆಸ್ಪತ್ರೆಯ ಕೆಲಸಕ್ಕೆ ಹೋದಾಗ ನಾನು ಮತ್ತು ಅಳಿಯಂದಿರು ಒಂದೇ ಮನೆಯಲ್ಲಿ ಇಡೀ ಮಧ್ಯಾಹ್ನ ಒಬ್ಬರಿಗೊಬ್ಬರು ಕಾಫಿ ಬೇಕೇ ಎಂದು ಕೇಳಲಾಗದೆ ಒದ್ದಾಡಿದ್ದುಂಟು.

ಅಳಿಯಂದಿರ ಹೆಸರು ಬಸವರಾಜ, ಧಾರವಾಡದವರು. ಅರಿವಳಿಕೆ ಕೊಡುವ ವೈದ್ಯರು. ಅಂದರೆ ಜನರನ್ನು ಎಷ್ಟು ಹೊತ್ತು ಮಲಗಿಸಬೇಕು, ಯಾವ ನಿಮಿಷಕ್ಕೆ ಎಬ್ಬಿಸಬೇಕು ಎಂಬುದೇ ಅವರ ಕಸುಬು. ಮೊಟ್ಟೆಯನ್ನೂ ಮುಟ್ಟದ ಈ ಮನುಷ್ಯನಿಗೆ ಹತ್ತು ವರ್ಷಗಳ ಹಿಂದೆ ಗುರಿ ಹೊಡೆಯುವ ಹವ್ಯಾಸ ಹತ್ತಿಕೊಂಡಿತು. ಮೊದಮೊದಲು ಗ್ಯಾರೇಜಿನ ಕಬ್ಬಿಣದ ಬೀರುವಿನಲ್ಲಿ ಬಂದೂಕಿದೆ ಎಂದು ಕೇಳಿಯೇ ನನಗೆ ಊಟ ಸೇರಲಿಲ್ಲ. ಪಾಪದ ಪ್ರಾಣಿಗಳಿಗೆ ಹೊಡೆಯುತ್ತಾರೇನೇ ಎಂದು ಸುಧಾಳನ್ನು ಗುಟ್ಟಾಗಿ ಕೇಳಿದೆ. ಅದು ಅವರ ಕಿವಿಗೆ ಬಿದ್ದು, "ಇಲ್ಲರಿ ಅತ್ತೀ, ಬರೇ ಕಾಗದಕ್ಕ ಹೊಡಿಯೋದು. ಕಾಗದಕ್ಕ ನೋವಾಗಂಗಿಲ್ಲ" ಎಂದರು. ಈಗ ಅವರಿಗಿಂತ ಚೆನ್ನಾಗಿ ಹೊಡೆಯುವವಳು ಅವರ ಮಗಳು, ನನ್ನ ಮೊಮ್ಮಗಳು ನಿಧಿ. ಹದಿನಾರು ವರ್ಷ. ನನ್ನ ಹಾಗೆಯೇ ಮಾತು ಕಡಿಮೆ, ಆದರೆ ಅವಳ ಮೌನಕ್ಕೆ ಹೆದರಿಕೆಯ ವಾಸನೆ ಇಲ್ಲ.

ಇಲ್ಲಿ ಒಂದು ವಿಷಯ ತಿಳಿಯಬೇಕು. ಗುಂಡು ಹಾರಿ ಹೋದ ಮೇಲೆ ಅದನ್ನು ಹೊತ್ತಿದ್ದ ಹಿತ್ತಾಳೆಯ ಕೊಳವೆ ಹಿಂದೆ ಉಳಿಯುತ್ತದೆ. ನನ್ನ ಕಿರುಬೆರಳಿಗಿಂತ ತುಸು ದಪ್ಪ, ಮೇಲೆ ಕುತ್ತಿಗೆ ಸಣ್ಣಗಾಗಿ ಥೇಟ್ ಪುಟ್ಟ ಹೂಜಿಯ ಹಾಗೆ ಇರುತ್ತದೆ. ಅದನ್ನು ಎಸೆಯುವುದಿಲ್ಲ. ಆರಿಸಿ ತಂದು, ಬುಡದಲ್ಲಿ ಮದ್ದಿಗೆ ಕಿಡಿ ಹೊತ್ತಿಸಿ ಸುಟ್ಟು ಹೋದ ಪುಟ್ಟ ಕಿಡಿಬಟ್ಟಲನ್ನು ತೆಗೆದು, ತೊಳೆದು, ಅಳತೆ ಸರಿಮಾಡಿ ಮತ್ತೆ ಮದ್ದು ಗುಂಡು ತುಂಬುತ್ತಾರೆ. ತುಂಬುವ ಕೆಲಸವನ್ನು ಅಳಿಯಂದಿರು ಬಾಗಿಲು ಹಾಕಿಕೊಂಡು ಒಬ್ಬರೇ ಮಾಡುತ್ತಾರೆ, ಅದರ ತಂಟೆಗೆ ನಾನು ಹೋದವಳಲ್ಲ. ತೊಳೆಯುವುದಕ್ಕೆ ಒಂದು ಯಂತ್ರವಿತ್ತು. ಸೋಪಿನ ನೀರು, ಉಕ್ಕಿನ ಸಣ್ಣ ಸೂಜಿಗಳು, ಕೊಳವೆಗಳು ಎಲ್ಲವನ್ನೂ ಡಬ್ಬಿಯೊಳಗೆ ಹಾಕಿದರೆ ಅದು ಗಂಟೆಗಟ್ಟಲೆ ಗಡಗಡ ಉರುಳುತ್ತಿತ್ತು. ಅಡುಗೆಮನೆಯಲ್ಲಿ ಕುಳಿತು ಆ ಸದ್ದು ಕೇಳುವಾಗ ನನಗೆ ಮೈ ಉರಿಯುತ್ತಿತ್ತು. ಹಿತ್ತಾಳೆಯನ್ನು ಹಾಗೆ ಯಾರಾದರೂ ಕುಕ್ಕುತ್ತಾರೆಯೇ.

ಹಿತ್ತಾಳೆಯ ವಿಷಯದಲ್ಲಿ ನನಗೆ ಒಂದು ಅಧಿಕಾರವಿದೆ ಎಂದು ನಾನೇ ನಂಬಿಕೊಂಡಿದ್ದೆ. ಊರಿನ ನಮ್ಮ ಮನೆಯಲ್ಲಿ ಹಂಡೆ, ಕೊಳಗ, ಕೊಡ, ಚೊಂಬು, ದೀಪದ ಕಂಬ ಎಲ್ಲ ಹಿತ್ತಾಳೆಯವೇ. ಸೋಮವಾರ ಬೆಳಗಾದರೆ ಬಾವಿಕಟ್ಟೆಯ ಹತ್ತಿರ ಅವನ್ನೆಲ್ಲ ಸಾಲಾಗಿ ಬೋರಲು ಹಾಕಿ ಕೂರುತ್ತಿದ್ದೆವು. ಹುಣಸೆಹಣ್ಣು ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಬೂದಿಯಲ್ಲಿ ಉಜ್ಜಿ, ನೀರು ಹೊಯ್ದರೆ ಹಂಡೆಯಲ್ಲಿ ನಮ್ಮ ಮುಖ ಕಾಣುತ್ತಿತ್ತು. ಮುಖ ಸೊಟ್ಟಗೆ ಕಾಣುತ್ತಿತ್ತು ನಿಜ, ಕನ್ನಡಿಯಿಲ್ಲದ ಮನೆಯಲ್ಲಿ ಅಷ್ಟೇ ಸಾಕಾಗಿತ್ತು. ಫುಲ್‌ಶೀರ್‌ನ ಈ ಹೊಸ ಮನೆಯಲ್ಲಿ ಹಿತ್ತಾಳೆ ಎಂದರೆ ದೇವರ ಮುಂದಿನ ಒಂದು ದೀಪ, ಒಂದು ಗಂಟೆ. ಎರಡನ್ನೂ ನಾನು ವಾರಕ್ಕೆ ಎರಡು ಸಲ ಬೆಳಗಿ ಬೆಳಗಿ ಗಂಟೆಯ ಮೇಲಿನ ನಂದಿಯ ಕಿವಿಗಳು ಸವೆದುಹೋಗಿವೆ. ಕೈಗೆ ಕೆಲಸವಿಲ್ಲದ ಹೆಂಗಸಿನಿಂದ ದೇವರಿಗೂ ತೊಂದರೆಯೇ.

ಹೀಗಿರುವಾಗ ಯಂತ್ರ ಕೆಟ್ಟಿತು. ಅದನ್ನು ತಿರುಗಿಸುವ ಪಟ್ಟಿ ಕಡಿದುಹೋಯಿತು. ತರಿಸಿದ ಹೊಸ ಪಟ್ಟಿ ಅಳತೆಗೆ ಬರಲಿಲ್ಲ. ಮುಂದಿನ ಶನಿವಾರ ಆಸ್ಟಿನ್‌ನ ಹೊರಗಿನ ಗುರಿ ಹೊಡೆಯುವ ರೇಂಜಿನಲ್ಲಿ ಕಿರಿಯರ ಸ್ಪರ್ಧೆ. ನಿಧಿ ಎರಡು ವರ್ಷಗಳಿಂದ ಕಾದಿದ್ದ ಸ್ಪರ್ಧೆ, ಮುಂದಿನ ವರ್ಷ ಓದಿನ ಗಡಿಬಿಡಿಯಲ್ಲಿ ಆಗುವುದಿಲ್ಲ ಎಂದು ಮನೆಯಲ್ಲಿ ಮೊದಲೇ ಮಾತಾಗಿತ್ತು. ಅರವತ್ತು ಗುಂಡು ಸ್ಪರ್ಧೆಗೆ, ಹತ್ತು ಗುಂಡು ಅದಕ್ಕೆ ಮುಂಚೆ ಗುರಿ ಕೂಡಿಸಿಕೊಳ್ಳುವುದಕ್ಕೆ, ಒಟ್ಟು ಎಪ್ಪತ್ತು. ಅವಳ ರೈಫಲ್ಲಿಗೆ ಹೊಂದಿಕೊಂಡ, ಒಂದೇ ಕಂತಿನಲ್ಲಿ ತಯಾರಾದ ಕೊಳವೆಗಳು ನೂರಿಪ್ಪತ್ತು ಇದ್ದವು. ಅಂಗಡಿಯ ಗುಂಡುಗಳಲ್ಲಿ ಅವಳ ಗುರಿ ಕೂರುವುದಿಲ್ಲ, ತಿಂಗಳುಗಟ್ಟಲೆ ಇವುಗಳ ಮೇಲೆಯೇ ಅಭ್ಯಾಸ ಮಾಡಿದ್ದಾಳೆ ಎಂದು ಅಳಿಯಂದಿರು ಸುಧಾಳಿಗೆ ಹೇಳುತ್ತಿದ್ದರು. ಆ ವಾರವೆಲ್ಲ ಅವರಿಗೆ ಆಸ್ಪತ್ರೆಯಲ್ಲಿ ಬಿಡುವಿಲ್ಲ. ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿಕೊಂಡರಾಯಿತು ಎಂದು ಕೊಳವೆಗಳ ಪೆಟ್ಟಿಗೆಯನ್ನು ಗ್ಯಾರೇಜಿನ ಮೇಜಿನ ಮೇಲೆ ಇಟ್ಟು ಹೋದರು. ಮಸಿ ಹಿಡಿದ, ಕಂದಿದ, ಅನಾಥವಾದ ನೂರಿಪ್ಪತ್ತು ಹೂಜಿಗಳು. ಅವನ್ನು ಕಂಡು ನನ್ನ ಕೈ ಸುಮ್ಮನಿರುತ್ತದೆಯೇ.

ಎಲ್ಲರಿಗೂ ಅಚ್ಚರಿಯಾಗಲಿ ಎಂದು ಯಾರಿಗೂ ಹೇಳಲಿಲ್ಲ. ಮೊದಲು ನಲವತ್ತನ್ನು ಎಣಿಸಿಕೊಂಡು ತಂದೆ. ಹುಣಸೆಹಣ್ಣು ಧಾರಾಳವಾಗಿ ಕಿವುಚಿ, ಅದಕ್ಕೆ ಉಪ್ಪು ಹಾಕಿ, ನನ್ನ ಸಾರಿನ ಸ್ಟೀಲ್ ಡಬರಿಯಲ್ಲಿ ಮುಳುಗಿಸಿಟ್ಟೆ. ಊರಿನಲ್ಲಿ ಕಿಲುಬು ಹತ್ತಿದ ಕೊಡಕ್ಕೆ ಹಾಗೆಯೇ ಮಾಡುತ್ತಿದ್ದೆವು, ಸಂಜೆ ಹಚ್ಚಿಟ್ಟು ಬೆಳಿಗ್ಗೆ ಉಜ್ಜುವುದು. ಕೊಡದ ತಗಡು ಎಷ್ಟು ದಪ್ಪ, ಈ ಕೊಳವೆಯ ಕುತ್ತಿಗೆ ಎಷ್ಟು ತೆಳು ಎಂಬುದು ನನ್ನ ಏಳನೆಯ ತರಗತಿಯ ತಲೆಗೆ ಹೊಳೆಯಲಿಲ್ಲ. ಬೆಳಿಗ್ಗೆ ಸೋಸಿ ನೋಡಿದರೆ ಮಸಿಯೇನೋ ಪೂರಾ ಹೋಗಿತ್ತು. ಜೊತೆಗೆ ಹಿತ್ತಾಳೆಯೂ ಹೋಗಿತ್ತು. ನಲವತ್ತೂ ಕೊಳವೆಗಳು ಹೊಸದಾಗಿ ಹುಟ್ಟಿದ ಇಲಿಮರಿಗಳ ಹಾಗೆ ಗುಲಾಬಿ ಬಣ್ಣಕ್ಕೆ ತಿರುಗಿದ್ದವು.

ಅಳಿಯಂದಿರು ಒಂದನ್ನು ಬೆಳಕಿಗೆ ಹಿಡಿದು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಎಷ್ಟು ಹೊತ್ತು ನೆನೆ ಇಟ್ಟಿದ್ರಿ ಅತ್ತೀ?" ಎಂದು ಕೇಳಿದರು. ನಾನು ಸುಧಾಳ ಮುಖ ನೋಡಿದೆ. ಸುಧಾ ನನ್ನ ಪರವಾಗಿ, ರಾತ್ರಿಯೆಲ್ಲ ಎಂದಳು.

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು ಕೂಡಿ ಮಾಡಿದ ಸಂಸಾರ. ಹುಳಿ ಸ್ವಲ್ಪ ಹೊತ್ತು ತಾಗಿದರೆ ಮೇಲಿನ ಕೊಳೆ ಮಾತ್ರ ಹೋಗುತ್ತದೆ, ಹೆಚ್ಚು ಹೊತ್ತು ತಾಗಿದರೆ ಸತು ಮನೆ ಬಿಟ್ಟು ಹೊರಡುತ್ತದೆ, ಒಂಟಿ ತಾಮ್ರ ಕೆಂಪಗೆ ಮುಖ ಮಾಡಿಕೊಂಡು ಉಳಿಯುತ್ತದೆ. ಇದನ್ನು ಅವರೇ ನಿಧಾನವಾಗಿ ವಿವರಿಸಿದರು. ಬರೀ ಬಣ್ಣ ತಿರುಗಿದ್ದೋ, ಒಳಗೂ ಬಲ ಕಡಿಮೆಯಾಗಿದೆಯೋ ಹೇಳಲಾಗದು, ಮಗಳ ಮುಖದ ಪಕ್ಕದಲ್ಲಿ ಸಿಡಿಯುವ ವಸ್ತುವಿನಲ್ಲಿ ಅನುಮಾನ ಇಟ್ಟುಕೊಳ್ಳಲಾರೆ ಎಂದು ನಲವತ್ತನ್ನೂ ಬದಿಗಿಟ್ಟರು. ಜನರನ್ನು ನಿಮಿಷ ಎಣಿಸಿ ಮಲಗಿಸುವ ಮನುಷ್ಯನ ಮನೆಯಲ್ಲಿ ನಾನು ನಲವತ್ತು ಜೀವಗಳನ್ನು ಏಳದ ಹಾಗೆ ಮಲಗಿಸಿಬಿಟ್ಟಿದ್ದೆ.

ಇನ್ನು ಸುಧಾ. ಅವಳ ಕಣ್ಣು ಕೊಳವೆಗಳ ಮೇಲಿರಲಿಲ್ಲ, ಡಬರಿಯ ಮೇಲಿತ್ತು. "ಅಮ್ಮ, ಆ ಮಸೀಲಿ ಸೀಸ ಇರುತ್ತೆ. ಸಾರಿನ ಡಬರೀನೇ ಬೇಕಿತ್ತಾ ನಿಂಗೆ?" ಎಂದಳು. ಮೂವತ್ತು ವರ್ಷ ನನ್ನೊಡನೆ ಸಂಸಾರ ಮಾಡಿದ ಡಬರಿ ಅಂದೇ ಗ್ಯಾರೇಜಿಗೆ ಗಡೀಪಾರಾಯಿತು. ಸಿಂಕನ್ನು ಮೂರು ಸಲ ತೊಳೆದಳು. ನನ್ನ ಕೈಯನ್ನು ಮಗುವಿನ ಕೈ ತೊಳೆದ ಹಾಗೆ ತಾನೇ ಹಿಡಿದು ಸೋಪು ಹಾಕಿ ತೊಳೆದಳು. ಆ ತೊಳೆಯುವಿಕೆಯಲ್ಲಿ ಸಿಟ್ಟೆಷ್ಟು ಪ್ರೀತಿಯೆಷ್ಟು ಎಂದು ಇಂದಿಗೂ ನನಗೆ ಬೇರ್ಪಡಿಸಲು ಬಂದಿಲ್ಲ.

ಈಗ ಉಳಿದದ್ದು ಎಂಬತ್ತು. ಬೇಕಾದದ್ದು ಎಪ್ಪತ್ತು. ನಾನು ನನ್ನ ಕೋಣೆಗೆ ಹೋಗಿ, ಇನ್ನು ಈ ಮನೆಯಲ್ಲಿ ನನ್ನ ಸೀರೆಯನ್ನು ಬಿಟ್ಟು ಬೇರೇನನ್ನೂ ತೊಳೆಯುವುದಿಲ್ಲ ಎಂದು ಶಪಥ ಮಾಡಿ ಕುಳಿತೆ. ಶಪಥ ಸಂಜೆಯವರೆಗೂ ಬಾಳಲಿಲ್ಲ. ನಿಧಿ ಶಾಲೆಯಿಂದ ಬಂದವಳು ಒಂದು ಗುಲಾಬಿ ಕೊಳವೆಯನ್ನು ಕಿರುಬೆರಳ ತುದಿಗೆ ಟೋಪಿಯ ಹಾಗೆ ಸಿಕ್ಕಿಸಿಕೊಂಡು ನನ್ನ ಮಂಚದ ಮೇಲೆ ಕುಳಿತಳು. "ಇಟ್ಸ್ ಕೈಂಡ್ ಆಫ್ ಕ್ಯೂಟ್, ಅಜ್ಜಿ" ಎಂದಳು. ನನಗೆ ಅಳು ಬಂತು. ಅವಳು ತನಗೆ ಬರುವ ಅರ್ಧ ಕನ್ನಡ, ನನಗೆ ಬರುವ ಕಾಲು ಇಂಗ್ಲಿಷು ಸೇರಿಸಿ ಹೇಳಿದ್ದು ಇಷ್ಟು: ಅಪ್ಪನಿಗೆ ಹೊತ್ತಿಲ್ಲ, ಅವರು ಆಯಾಸದಲ್ಲಿ ಒರೆಸುವುದಕ್ಕಿಂತ ನೀನು ಎಚ್ಚರದಿಂದ ತೊಳೆಯುವುದು ಮೇಲು, ಉಳಿದ ಎಂಬತ್ತನ್ನೂ ನೀನೇ ತೊಳೆದುಕೊಡು. ಅಪ್ಪನನ್ನು ಒಪ್ಪಿಸುವುದು ತನ್ನ ಕೆಲಸ ಎಂದಳು. ಒಪ್ಪಿಸಿದಳು ಕೂಡ. ಹೇಗೆಂದು ನನಗೆ ಗೊತ್ತಿಲ್ಲ. ಗ್ಯಾರೇಜಿನ ಬಾಗಿಲ ಆಚೆ ತುಂಬ ಹೊತ್ತು ಇಂಗ್ಲಿಷ್ ಕೇಳಿಸುತ್ತಿತ್ತು.

ಅಳಿಯಂದಿರು ಒಂದು ಹಾಳೆಯ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ ನಿಯಮ ಬರೆದು ಗೋಡೆಗೆ ಅಂಟಿಸಿದರು. ಕೆಲಸವೆಲ್ಲ ಗ್ಯಾರೇಜಿನಲ್ಲಿ, ಗಡೀಪಾರಾದ ಡಬರಿಯಲ್ಲಿ. ಕೈಗವಸು ತೆಗೆಯುವಂತಿಲ್ಲ. ಮೊದಲು ಬಿಸಿನೀರು, ಸೋಪು. ಆಮೇಲೆ ತೆಳುವಾದ ಹುಣಸೆಹುಳಿ, ಐದೇ ನಿಮಿಷ. ಅದರ ಪಕ್ಕದಲ್ಲಿ ಒಂದು ಗಡಿಯಾರವನ್ನೂ ಇಟ್ಟಿದ್ದರು. ಆಪರೇಷನ್ ಕೋಣೆಯಲ್ಲಿ ನಿಂತ ಹಾಗಾಯಿತು ನನಗೆ. ಹತ್ತು ಹತ್ತಾಗಿ ತೊಳೆದೆ. ಹುಳಿಯಲ್ಲಿ ಹಾಕಿ ಗಡಿಯಾರ ನೋಡುವುದು, ತೆಗೆಯುವುದು, ಎರಡು ನೀರಿನಲ್ಲಿ ಜಾಲಿಸುವುದು, ಹಳೆಯ ಟವೆಲ್ಲಿನ ಮೇಲೆ ಹರಡುವುದು. ಮಸಿಯ ಒಳಗಿನಿಂದ ಹಳದಿ ಬಣ್ಣ ಮೆಲ್ಲಗೆ ಮೇಲೆದ್ದು ಬರುವುದನ್ನು ನೋಡಬೇಕು. ಯಂತ್ರ ಕೊಡುವ ಕಣ್ಣು ಕುಕ್ಕುವ ಹೊಳಪಲ್ಲ ಅದು, ಬಲಿತ ಹುಲ್ಲಿನ ಮೇಲೆ ಬಿದ್ದ ಬಿಸಿಲಿನಂಥ ಹೊಳಪು. ಎರಡು ಮಧ್ಯಾಹ್ನಗಳಲ್ಲಿ ಎಂಬತ್ತೂ ಮುಗಿದವು.

ಮುಗಿದ ಮೇಲೆಯೇ ಕತೆ ಶುರುವಾದದ್ದು. ಪಾತ್ರೆ ತೊಳೆದ ಮೇಲೆ ಬೆರಳಿನಿಂದ ಸವರಿ ನೋಡುವುದು ನನ್ನ ಅಭ್ಯಾಸ. ಕೈಗವಸಿನೊಳಗೆ ಬೆರಳುಗಳು ಕುರುಡಾಗಿದ್ದವು. ಕಣ್ಣಿಗೆ ಪೊರೆ ತೆಗೆಸಿದ್ದರೂ ಅಷ್ಟು ಸಣ್ಣದು ಕಾಣುವುದಿಲ್ಲ. ಉಳಿದದ್ದು ಕಿವಿ. ನನ್ನ ಅಜ್ಜಿ ತಿಪಟೂರಿನಲ್ಲಿ ಪಾತ್ರೆ ಮಾರುವ ಬೋಗಾರರ ಅಂಗಡಿಗೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ಅವಳು ಪಾತ್ರೆಯ ಹೊಳಪನ್ನು ನೋಡುತ್ತಲೇ ಇರಲಿಲ್ಲ. ಕೊಡವನ್ನು ಅಂಗೈ ಮೇಲೆ ಕೂರಿಸಿ, ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟಿ, ಕಣ್ಣು ಮುಚ್ಚುತ್ತಿದ್ದಳು. ಅಂಗಡಿಯವನು ಅದರ ಗುಣಗಾನ ಮಾಡುತ್ತಿದ್ದರೆ, ಸ್ವಲ್ಪ ಬಾಯಿ ಮುಚ್ಚಪ್ಪ, ಅದು ಏನೋ ಹೇಳುತ್ತಿದೆ ಎನ್ನುತ್ತಿದ್ದಳು. ಗಟ್ಟಿ ಪಾತ್ರೆಯ ದನಿ ಉದ್ದಕ್ಕೆ ಹೋಗಿ ತಾನಾಗಿ ಕರಗುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ದನಿ ನಡುವೆ ಮುಗ್ಗರಿಸುತ್ತದೆ. ಬಿರುಕು ಕಣ್ಣಿಗೆ ಬೀಳುವುದಕ್ಕೆ ವರ್ಷ ಹಿಡಿಯಬಹುದು, ಕಿವಿಗೆ ಅಂದೇ ಬೀಳುತ್ತದೆ. ಬೋಗಾರರು ಅವಳನ್ನು ಕಂಡರೆ ಒಳಗಿನ ಕಪಾಟಿನಿಂದಲೇ ಪಾತ್ರೆ ತೆಗೆಯುತ್ತಿದ್ದರು.

ಅದೇ ಅಭ್ಯಾಸದಲ್ಲಿ, ಏನೂ ಯೋಚಿಸದೆ, ಒಂದು ಕೊಳವೆಯನ್ನು ಎಡಗೈಯಲ್ಲಿ ಸಡಿಲವಾಗಿ ಹಿಡಿದು ಇನ್ನೊಂದರಿಂದ ಮೆಲ್ಲಗೆ ತಾಗಿಸಿದೆ. ಟಿಣ್ ಎಂದಿತು. ಎಷ್ಟು ಪುಟ್ಟ ವಸ್ತು, ಎಷ್ಟು ಚೊಕ್ಕ ದನಿ. ಮುದ್ದು ಬಂದು ಇನ್ನೊಂದು ತಟ್ಟಿದೆ, ಮತ್ತೊಂದು ತಟ್ಟಿದೆ. ಹದಿನಾಲ್ಕನೆಯದು ಟಕ್ ಎಂದಿತು. ಒಳಗೆ ನೆಗಡಿಯಾದ ಹಾಗೆ. ಒಣಗಿಲ್ಲವೇನೋ ಎಂದು ಬಿಸಿಲಿಗಿಟ್ಟು ಮತ್ತೆ ತಟ್ಟಿದೆ. ಮತ್ತೆ ಟಕ್. ಆಗ ಎಲ್ಲವನ್ನೂ ಒಂದು ಕಡೆಯಿಂದ ತಟ್ಟುತ್ತಾ ಹೋದೆ, ಮೂರು ಮೂರು ಸಲ. ಎಂಬತ್ತರಲ್ಲಿ ಐದು ನೆಗಡಿಯವು ಸಿಕ್ಕವು.

ಈ ಐದನ್ನು ಏನು ಮಾಡುವುದು? ಅಳಿಯಂದಿರು ಈ ಕೊಳವೆಗಳನ್ನೆಲ್ಲ ಭೂತಗನ್ನಡಿ ಇಟ್ಟು ನೋಡಿ, ಸರಿಯಿವೆ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದವರು. ಮೂರು ದಿನಗಳ ಹಿಂದೆ ನಲವತ್ತನ್ನು ಹಾಳುಮಾಡಿದ ನಾನು ಈಗ ಹೋಗಿ, ಇನ್ನೂ ಐದು ತೆಗೆದುಬಿಡಿ, ಅವುಗಳ ದನಿ ನನಗೆ ಸೇರಲಿಲ್ಲ ಎಂದರೆ ಏನೆಂದುಕೊಂಡಾರು. ಇಡೀ ಗುರುವಾರ ಆ ಐದನ್ನು ಒಂದು ಬಟ್ಟಲಿನಲ್ಲಿಟ್ಟುಕೊಂಡು ಗ್ಯಾರೇಜಿಗೂ ಅಡುಗೆಮನೆಯ ಬಾಗಿಲಿಗೂ ಓಡಾಡಿದೆ. ಮೇಷ್ಟರು ಪ್ರಶ್ನೆ ಕೇಳಿದ್ದಾರೆ, ಉತ್ತರ ಗೊತ್ತಿದೆ, ಎದ್ದು ನಿಲ್ಲಲು ಮಾತ್ರ ಆಗುತ್ತಿಲ್ಲ. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಎಂಬತ್ತರಲ್ಲಿ ಅವರು ಎಪ್ಪತ್ತನ್ನು ಆರಿಸುವಾಗ ಈ ಐದು ತಾವಾಗಿಯೇ ಹೊರಗುಳಿಯಲೂಬಹುದು. ಉಳಿಯದಿದ್ದರೆ? ರೈಫಲ್ಲಿನ ಮರಕ್ಕೆ ಕೆನ್ನೆ ಒತ್ತಿ, ಒಂದು ಕಣ್ಣು ಮುಚ್ಚಿ, ನೆಲದಲ್ಲಿ ಬೋರಲು ಮಲಗಿ ಗುರಿಯಿಡುವ ಹುಡುಗಿ ಕಣ್ಣ ಮುಂದೆ ಬಂದಳು. ನನ್ನ ಸಂಕೋಚಕ್ಕೆ ಇಷ್ಟು ವರ್ಷ ನಾನೊಬ್ಬಳೇ ತೆರಿಗೆ ಕಟ್ಟಿದ್ದೆ. ಅದನ್ನು ಈ ಮಗುವಿನ ಕೆನ್ನೆಯಿಂದ ಕಟ್ಟಿಸಲು ಮನಸ್ಸು ಒಪ್ಪಲಿಲ್ಲ.

ಸಂಜೆ ಅಳಿಯಂದಿರು ತುಂಬುವ ಕೆಲಸಕ್ಕೆ ಹೊರಟಾಗ ಬಟ್ಟಲನ್ನು ಅವರ ಮುಂದೆ ಹಿಡಿದೆ. ಸುಧಾ ಪಕ್ಕದಲ್ಲೇ ಇದ್ದಳು, ಅವಳ ಮುಖ ನೋಡಲಿಲ್ಲ. "ಈ ಐದು ಬೇಡ. ಒಡೆದಿವೆ" ಎಂದೆ.

ಅವರು ಭೂತಗನ್ನಡಿ ತಂದು ಮೊದಲನೆಯದನ್ನು ತಿರುಗಿಸಿ ತಿರುಗಿಸಿ ನೋಡಿದರು. ದೀಪದ ಹತ್ತಿರ ಹೋದರು. ಕುತ್ತಿಗೆಯ ಅಂಚಿನಲ್ಲಿ ರೋಮದಷ್ಟು ಸಣ್ಣ ಗೆರೆ. ಹುಬ್ಬು ಮೇಲೇರಿತು. ಎರಡನೆಯದರಲ್ಲೂ ಗೆರೆ. ಮೂರನೆಯದು, ನಾಲ್ಕನೆಯದು, ಅಲ್ಲಿಯೂ ಗೆರೆ. ಐದನೆಯದನ್ನು ಬಹಳ ಹೊತ್ತು ನೋಡಿದರು. ಕುತ್ತಿಗೆಯನ್ನು ಉಗುರಿನಿಂದ ಕೆರೆದು ನೋಡಿದರು.

"ಇದೊಂದು ಛಲೋ ಐತ್ರಿ ಅತ್ತೀ. ಇದಕ್ಕೇನೂ ಆಗಿಲ್ಲ" ಎಂದರು.

"ಇಲ್ಲ. ಅದೂ ಒಡೆದಿದೆ."

ಹೇಳಿದ್ದು ನಾನೇ. ಅಳಿಯನಿಗೆ ಎದುರು ಮಾತು, ಅದೂ ಅವರು ಬಲ್ಲ ವಿಷಯದಲ್ಲಿ. ಸುಧಾ ಒಮ್ಮೆ ನನ್ನನ್ನೂ ಒಮ್ಮೆ ಗಂಡನನ್ನೂ ನೋಡಿದಳು. ಅವರು ಮೇಜಿನ ಮೇಲಿನ ಕಾಗದದ ಕ್ಲಿಪ್ಪು ತೆಗೆದುಕೊಂಡು ನೆಟ್ಟಗೆ ಮಾಡಿದರು, ತುದಿಯನ್ನು ಸಣ್ಣ ಕೊಕ್ಕೆಯಾಗಿ ಬಾಗಿಸಿದರು. ಅದನ್ನು ಕೊಳವೆಯ ಒಳಗೆ ಬಿಟ್ಟು, ಗೋಡೆಗೆ ಒತ್ತಿ ಬುಡದಿಂದ ಮೇಲಕ್ಕೆ ಎಳೆದರು. ಒಂದು ಕಡೆ ಕೊಕ್ಕೆ ತಡೆದು ನಿಂತಿತು. ಮತ್ತೆ ಎಳೆದರು, ಅಲ್ಲಿಯೇ ಮತ್ತೆ ತಡೆಯಿತು. ಒಳಗೆ, ಬುಡಕ್ಕೆ ಸಮೀಪದಲ್ಲಿ, ಹೊರಗೆ ಕಾಣದ ಒಂದು ಕೊರಕಲು. ಕುತ್ತಿಗೆ ಬಿರಿದರೆ ಗುರಿ ಕೆಡುತ್ತದೆ ಅಷ್ಟೆ, ಬುಡ ಬಿರಿದರೆ ಸುಡುವ ಗಾಳಿ ಹೊಡೆಯುವವರ ಮುಖದ ಕಡೆಗೇ ಬರಬಹುದಂತೆ. ಇದನ್ನು ಅವರು ಹೇಳಿದ್ದು ಆಮೇಲೆ. ಆಗ ಕುರ್ಚಿಯ ಮೇಲೆ ಕುಳಿತು ಆ ಕೊಳವೆಯನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದರು, ಅಷ್ಟೆ.

"ಹೆಂಗ ಗೊತ್ತಾತ್ರಿ?" ಎಂದು ಕೇಳಿದರು.

ತಟ್ಟಿ ತೋರಿಸಿದೆ. ಅವರಿಗೆ ಎರಡು ದನಿಗಳ ನಡುವೆ ಏನೂ ವ್ಯತ್ಯಾಸ ಕೇಳಿಸಲಿಲ್ಲ. ಬಹುಕಾಲದಿಂದ ಗುರಿ ಹೊಡೆಯುವವರು ಕೊಳವೆಗಳನ್ನು ಮುಷ್ಟಿಯಲ್ಲಿ ಕುಲುಕಿ ದನಿ ಕೇಳುತ್ತಾರೆಂದು ರೇಂಜಿನಲ್ಲಿ ಯಾರೋ ಹೇಳಿದ್ದರಂತೆ, ತಮಾಷೆ ಎಂದುಕೊಂಡಿದ್ದರಂತೆ. ವೈದ್ಯರಲ್ಲವೇ, ಪರೀಕ್ಷೆ ಮಾಡದೆ ನಂಬುವವರಲ್ಲ. ಐದರ ಬುಡಕ್ಕೂ ಪೆನ್ನಿನಲ್ಲಿ ಗುರುತು ಹಾಕಿ, ಉಳಿದವುಗಳ ಜೊತೆ ಬೆರೆಸಿ, ನನ್ನ ಕಣ್ಣಿಗೆ ಸುಧಾಳ ದುಪಟ್ಟಾ ಕಟ್ಟಿದರು. ನಿಧಿ ಒಂದೊಂದಾಗಿ ಕೈಗೆ ಕೊಟ್ಟಳು. ನಾನು ತಟ್ಟಿದೆ. ಇದು ಸರಿ, ಇದು ಸರಿ, ಇದು ಬೇಡ. ಮನೆಯಲ್ಲಿ ಫ್ರಿಜ್ಜಿನ ಗುಂಯ್ ಸದ್ದೂ ಕೇಳಿಸುವಷ್ಟು ನಿಶ್ಶಬ್ದ. ಕೊನೆಗೆ ಕಣ್ಣಿನ ಪಟ್ಟಿ ಬಿಚ್ಚಿ ನೋಡಿದರೆ, ಬೇಡವೆಂದು ಇಟ್ಟವು ಐದು, ಐದರ ಬುಡದಲ್ಲೂ ಗುರುತು. ನಿಧಿ ಇದನ್ನೆಲ್ಲ ಮೇಜಿಗೆ ಆನಿಸಿಟ್ಟ ಫೋನಿನಲ್ಲಿ ಹಿಡಿದು ಅಲೆನ್‌ಗೆ ಕಳಿಸಿದಳು. ನೀವಿಬ್ಬರೂ ನೋಡಿದ್ದು ಅದನ್ನೇ.

ಅಂದು ಅಳಿಯಂದಿರು ಕಾಫಿ ತಾವೇ ಮಾಡಿ ತಂದು ನನ್ನ ಕೈಗೆ ಕೊಟ್ಟರು. ಸಕ್ಕರೆ ಹೆಚ್ಚಾಗಿತ್ತು. ಹೇಳಲಿಲ್ಲ. ಒಂದೇ ದಿನದಲ್ಲಿ ಎರಡು ಎದುರು ಮಾತು ಬೇಡವೆಂದು.

ಉಳಿದ ಎಪ್ಪತ್ತೈದರಲ್ಲಿ ಎಪ್ಪತ್ತನ್ನು ತುಂಬಿದರು. ಶನಿವಾರ ನಾವು ಎರಡೂವರೆ ಗಂಟೆ ಡ್ರೈವ್ ಮಾಡಿ ಆಸ್ಟಿನ್ ಕಡೆ ಹೋದೆವು. ನೀವು ಅಲೆನ್‌ನಿಂದ ನಿಮ್ಮ ಅಮ್ಮನ ಜೊತೆ ಬಂದಿರಿ, ಆದರೆ ಇಡೀ ಹೊತ್ತು ಕಾರಿನ ಏಸಿ ಬಿಟ್ಟು ಇಳಿಯಲಿಲ್ಲವಾದ್ದರಿಂದ ಮುಂದಿನದನ್ನೂ ನಾನೇ ಹೇಳಬೇಕು. ಬೋಳು ಗುಡ್ಡಗಳ ನಡುವೆ ಉದ್ದನೆಯ ಬಯಲು. ನನ್ನ ತುರುಬಿನ ಮೇಲೆ ಕಿವಿಮುಚ್ಚಳ ಕೂರಿಸಲು ಸುಧಾ ಬಹಳ ಒದ್ದಾಡಿದಳು. ಮೊದಲ ಸುತ್ತಿನಲ್ಲಿ ನಿಧಿ ಆರನೆಯವಳಾಗಿದ್ದಳು. ಎರಡನೆಯ ಸುತ್ತಿಗೆ ಗಾಳಿ ಎದ್ದಿತು. ಬೇರೆ ಮಕ್ಕಳು ನಡುನಡುವೆ ತಲೆ ಎತ್ತಿ ತಮ್ಮ ಗುಂಡುಗಳನ್ನೂ ರೈಫಲ್ಲನ್ನೂ ಅನುಮಾನದಿಂದ ನೋಡುತ್ತಿದ್ದರು. ಇವಳು ಒಂದು ಸಲವೂ ನೋಡಲಿಲ್ಲ. ಗಾಳಿಯೊಂದನ್ನೇ ನೋಡುತ್ತಿದ್ದಳು. ಉಳಿದದ್ದೆಲ್ಲ ಸರಿಯಾಗಿದೆ ಎಂದು ಅವಳಿಗೆ ಗೊತ್ತಿತ್ತು. ಅಷ್ಟು ನೆಮ್ಮದಿಯನ್ನು ನಾನು ಯಾರಿಗಾದರೂ ಕೊಟ್ಟದ್ದುಂಟೇ ಎಂದು ನನಗೆ ನೆನಪಾಗಲಿಲ್ಲ.

ಎಲ್ಲ ಮುಗಿದಾಗ ಎರಡನೆಯ ಸ್ಥಾನ. ಅಲ್ಲಿಯವರೆಗೆ ಅವಳು ಐದರೊಳಗೆ ಬಂದವಳಲ್ಲ. ಅಳಿಯಂದಿರು ಇಷ್ಟು ಜೋರಾಗಿ ಶಿಳ್ಳೆ ಹಾಕಬಲ್ಲರೆಂದು ಸುಧಾಳಿಗೂ ಗೊತ್ತಿರಲಿಲ್ಲವಂತೆ. ಪದಕ ಕೊಟ್ಟ ಹೆಂಗಸು ನಿಧಿಯನ್ನು ಏನೋ ಕೇಳಿದಳು, ನಿಧಿ ಕೊಳವೆ ತಟ್ಟಿ ಕೇಳಿದ ಕತೆಯನ್ನೆಲ್ಲ ಹೇಳಿ ಬೆರಳು ತೋರಿಸಿದ್ದು ನನ್ನ ಕಡೆಗೆ. ಜನರೆಲ್ಲ ತಿರುಗಿದರು. ನೆಲ ಬಾಯಿಬಿಡಬಾರದೇ ಎನ್ನಿಸಿತು, ಆದರೆ ಟೆಕ್ಸಾಸಿನ ಆ ನೆಲ ಸುಣ್ಣದ ಕಲ್ಲು, ಅಷ್ಟು ಸುಲಭಕ್ಕೆ ಬಾಯಿ ಬಿಡುವಂಥದ್ದಲ್ಲ.

ಸ್ವಲ್ಪ ಹೊತ್ತಿಗೆ ಬಿಳಿ ಮೀಸೆಯ, ಬಾಗಿಲಿನಷ್ಟು ಎತ್ತರದ ಮುದುಕರೊಬ್ಬರು ಒಂದು ಡಬ್ಬಿ ಹಿಡಿದು ನನ್ನ ಕುರ್ಚಿಯ ಮುಂದೆ ಬಂದು ನಿಂತರು. ತಲೆಯ ಹ್ಯಾಟು ತೆಗೆದು ಎದೆಗೆ ಹಿಡಿದಿದ್ದರು. ತಂದೆಯ ಕಾಲದ ರೈಫಲ್ಲಿನ ಕೊಳವೆಗಳಂತೆ, ಕೇಳಿ ನೋಡುತ್ತೀರಾ ಎಂದು ಕೇಳುತ್ತಿದ್ದಾರೆ ಎಂದು ನಿಧಿ ತಿಳಿಸಿದಳು. ನಾನು ಕೈಗವಸು ಹಾಕಿಕೊಂಡು ಒಂದೊಂದಾಗಿ ತಟ್ಟಿದೆ. ನನಗೆ ಖಚಿತವಾಗಿ ಗೊತ್ತಿರುವ ಇಂಗ್ಲಿಷ್ ಪದಗಳಲ್ಲಿ ಎರಡು ಅಲ್ಲಿಗೆ ಸಾಕಾಗಿದ್ದವು. ಗುಡ್. ಗುಡ್. ಗುಡ್. ಬ್ಯಾಡ್. ಅವರ ಮುಖ ಸಪ್ಪಗಾಯಿತು. ಅದು ಬಹಳ ಹಳೆಯದು, ಖಂಡಿತವೇ ಎಂದು ಕೇಳಿದರು. ಮತ್ತೊಮ್ಮೆ ತಟ್ಟಿ, ಅವರ ಕಿವಿಯ ಹತ್ತಿರ ಹಿಡಿದು, ಬ್ಯಾಡ್ ಎಂದೆ. ಅಷ್ಟು ದೊಡ್ಡ ಮನುಷ್ಯ ಮರುಮಾತಾಡದೆ ಅದನ್ನು ಕಸದ ಡಬ್ಬಿಗೆ ಹಾಕಿದರು. ಅವರ ಹಿಂದೆ ಇನ್ನೂ ಆರೇಳು ಜನ ತಮ್ಮ ತಮ್ಮ ಡಬ್ಬಿಗಳನ್ನು ಹಿಡಿದು ಸಾಲಾಗಿ ನಿಂತಿದ್ದರು. ಕ್ಲಿನಿಕ್ಕಿನಲ್ಲಿ ವೈದ್ಯರು ಕರೆಯುವುದನ್ನು ಕಾಯುವವರ ಹಾಗೆ, ಯಾರೂ ಮಾತಾಡದೆ. ಯಾರೋ ಒಬ್ಬರು ಕೆಮ್ಮಿದಾಗ ಮುಂದಿನವರು ತಿರುಗಿ ದುರುಗುಟ್ಟಿ ನೋಡಿದರು.

ಇಷ್ಟು ವರ್ಷ ನನಗೆ ಭಾಷೆ ಸಾಲದು, ಅದಕ್ಕೇ ಸುಮ್ಮನಿದ್ದೇನೆ ಎಂದುಕೊಂಡಿದ್ದೆ. ಹೇಳುವುದು ನಿಜವಾಗಿ ಗೊತ್ತಿದ್ದರೆ ಎರಡು ಪದ ಸಾಕು ಮಕ್ಕಳೇ. ಇಡೀ ಭಾಷೆ ಬೇಕಾಗುವುದು ಗೊತ್ತಿಲ್ಲದಾಗ.

ಹೊರಡುವ ಹೊತ್ತಿಗೆ ಬಿಳಿ ಮೀಸೆಯವರು ಮತ್ತೆ ಬಂದರು. ಮುಂದಿನ ತಿಂಗಳ ಸ್ಪರ್ಧೆಗೂ ಬರುತ್ತೀರಾ, ನೆರಳಿನಲ್ಲಿ ಒಳ್ಳೆಯ ಕುರ್ಚಿ ಹಾಕಿಸುತ್ತೇನೆ ಎಂದರು. ಸುಧಾ ನನ್ನ ಪರವಾಗಿ ಉತ್ತರ ಹೇಳಲು ಬಾಯಿ ತೆರೆದಳು. ನಾನು ಅವಳ ಕೈ ಹಿಡಿದು ತಡೆದು, ನನ್ನ ಎರಡು ಪದಗಳಲ್ಲಿ ಒಂದನ್ನು ಆರಿಸಿಕೊಂಡೆ.

"ಗುಡ್" ಎಂದೆ.